ಅರ್ಧ ದಾರಿಯ ಕಾಲೇಜಿನಲ್ಲಿ ಪೂರ್ತಿ ಇತಿಹಾಸ

ಕ್ಯುಪರ್ಟಿನೊ, ಸನ್ನಿವೇಲ್, ಫ್ರೀಮಾಂಟ್ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಯುಗಾದಿಗೋ ಗಣೇಶನ ಹಬ್ಬಕ್ಕೋ ನಾಲ್ಕು ಸಂಸಾರ ಸೇರಿದರೆ ಸಾಕು, ಮಾತು ಮಕ್ಕಳ ಓದಿನ ಕಡೆಗೆ ಹೊರಳುತ್ತದೆ. ಬರ್ಕ್ಲಿ, ಪರ್ಡ್ಯೂ, ಕಾರ್ನೆಗಿ ಮೆಲನ್ ಹೆಸರುಗಳು ಹೋಳಿಗೆ ತುಪ್ಪದ ಜತೆಗೇ ಎಲೆಗೆ ಬೀಳುತ್ತವೆ. ಅಷ್ಟರಲ್ಲಿ ಯಾರಾದರೊಬ್ಬರು ಮಗ ಡಿ ಆಂಜಾ ಕಾಲೇಜಿನಲ್ಲಿದ್ದಾನೆ ಎಂದರೆ ಒಂದು ಕ್ಷಣ ಬಿಗುವು. ‘ಓ, ಕಮ್ಯುನಿಟಿ ಕಾಲೇಜಾ? ಪರವಾಗಿಲ್ಲ ಬಿಡಿ, ಆಮೇಲೆ ಟ್ರಾನ್ಸ್‌ಫರ್ ಆಗಬಹುದಲ್ಲ’ ಎಂಬ ಸಮಾಧಾನ, ಯಾರೂ ಕೇಳದಿದ್ದರೂ, ಬಂದೇ ಬರುತ್ತದೆ. ಓದುತ್ತಿರುವುದು ಕಂಪ್ಯೂಟರ್ ಅಲ್ಲ, ಇತಿಹಾಸ ಎಂದು ಗೊತ್ತಾದರಂತೂ ಮಾತು ಅಲ್ಲಿಗೇ ಮುಗಿದು ಕಾಫಿಯ ವಿಚಾರಣೆ ಶುರುವಾಗುತ್ತದೆ.

ಈ ಸಂಕೋಚದ ಹಿಂದೆ ಎರಡು ಊಹೆಗಳಿವೆ. ದೊಡ್ಡ ಕಾಲೇಜಿನಲ್ಲಿ ಸೀಟು ಸಿಗದವರು ಮಾತ್ರ ಕಮ್ಯುನಿಟಿ ಕಾಲೇಜಿಗೆ ಹೋಗುತ್ತಾರೆ ಎಂಬುದು ಒಂದು. ಅಲ್ಲಿ ಕಲಿಸುವ ಇತಿಹಾಸ ವಿಶ್ವವಿದ್ಯಾಲಯದ ಇತಿಹಾಸಕ್ಕಿಂತ ತೆಳುವಾಗಿರುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಅರ್ಧ ಸುಳ್ಳು, ಎರಡನೆಯದು ಬಹುಮಟ್ಟಿಗೆ ಸುಳ್ಳು. ನಿಜವಾದ ತೊಂದರೆ ಇರುವುದು ತರಗತಿಯ ಒಳಗಲ್ಲ. ಆ ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ ಹೋಗುವ ದಾರಿಯಲ್ಲಿ. ಅದನ್ನು ನೋಡಲು ಕ್ಯಾಲಿಫೋರ್ನಿಯಾಕ್ಕಿಂತ ಒಳ್ಳೆಯ ಜಾಗವಿಲ್ಲ. ಆ ದಾರಿಯನ್ನು ಕಾನೂನು ಮಾಡಿ, ಒಪ್ಪಂದ ಬರೆದು ಕಟ್ಟಲು ಹೊರಟ ರಾಜ್ಯ ಅದು. ಎಲ್ಲೆಲ್ಲಿ ಅದು ಕುಸಿಯುತ್ತದೆ ಎನ್ನುವುದೂ ಅಲ್ಲೇ ಚೆನ್ನಾಗಿ ಕಾಣುತ್ತದೆ.

ಆರು ಮಂದಿಯಿಂದ ಶುರುವಾದದ್ದು

1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಹೈಸ್ಕೂಲಿನ ಕಟ್ಟಡದೊಳಗೇ ಆರು ವಿದ್ಯಾರ್ಥಿಗಳಿಗೆ ಪದವಿಯ ಮೊದಲ ಎರಡು ವರ್ಷದ ಪಾಠ ಶುರುವಾಯಿತು. ಶಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ ಮತ್ತು ಊರಿನ ಶಾಲಾ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್ ಸೇರಿ ಹಾಕಿದ ಯೋಜನೆ ಅದು. ಹಾರ್ಪರ್ ಲೆಕ್ಕಾಚಾರ ಬರೀ ಪರೋಪಕಾರದ್ದಲ್ಲ. ಮೊದಲ ಎರಡು ವರ್ಷದ ಪಾಠವನ್ನು ಬೇರೆಯವರು ವಹಿಸಿಕೊಂಡರೆ ವಿಶ್ವವಿದ್ಯಾಲಯ ಸಂಶೋಧನೆಯತ್ತ ಗಮನ ಕೊಡಬಹುದು ಎಂಬ ಆಸೆಯೂ ಅದರಲ್ಲಿತ್ತು. ಈ ಬಗೆಯ ಕಾಲೇಜುಗಳು ಹುಟ್ಟಿದ ಗಳಿಗೆಯಿಂದಲೂ ಈ ಎರಡು ಉದ್ದೇಶಗಳು ಅವುಗಳ ಬೆನ್ನಿಗಿವೆ: ಊರಿನ ಮಕ್ಕಳಿಗೆ ಮನೆ ಬಾಗಿಲಲ್ಲೇ ಕಾಲೇಜು ಕೊಡುವುದು, ದೊಡ್ಡ ವಿಶ್ವವಿದ್ಯಾಲಯದ ಬಾಗಿಲಲ್ಲಿ ನೂಕುನುಗ್ಗಲು ತಗ್ಗಿಸುವುದು.

ಕ್ಯಾಲಿಫೋರ್ನಿಯಾ 1907ರಲ್ಲೇ ಇದಕ್ಕೆ ಕಾನೂನಿನ ದಾರಿ ಮಾಡಿಕೊಟ್ಟಿತು. 1910ರಲ್ಲಿ ಫ್ರೆಸ್ನೊದಲ್ಲಿ ಮೊದಲ ಜೂನಿಯರ್ ಕಾಲೇಜು ಬಂತು. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರು 1944ರ ಜಿಐ ಕಾಯ್ದೆಯ ನೆರವಿನಿಂದ ಕಾಲೇಜುಗಳಿಗೆ ನುಗ್ಗಿದರು. ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗದ 1947ರ ವರದಿ ‘ಕಮ್ಯುನಿಟಿ ಕಾಲೇಜು’ ಎಂಬ ಹೆಸರನ್ನು ದೇಶದಲ್ಲೆಲ್ಲ ಚಾಲ್ತಿಗೆ ತಂದಿತು. 1960ರಲ್ಲಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆಗಿನ ಅಧ್ಯಕ್ಷ ಕ್ಲಾರ್ಕ್ ಕರ್ ಅವರ ಮುಂದಾಳತ್ವದಲ್ಲಿ ಬಂದ ಉನ್ನತ ಶಿಕ್ಷಣದ ಮಾಸ್ಟರ್ ಪ್ಲಾನ್ ಮೂರು ಅಂತಸ್ತು ಕಟ್ಟಿತು. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ, ಅಂದರೆ ಯುಸಿಗೆ. ಮೇಲಿನ ಮೂರನೇ ಒಂದು ಭಾಗ ಈಗ ಸಿಎಸ್‌ಯು ಎಂದು ಕರೆಸಿಕೊಳ್ಳುವ ಸ್ಟೇಟ್ ಯೂನಿವರ್ಸಿಟಿಗಳಿಗೆ. ಉಳಿದ ಯಾರೇ ಆಗಲಿ, ಕಮ್ಯುನಿಟಿ ಕಾಲೇಜಿಗೆ. ಆದರೆ ಕೆಳಗಿನ ಅಂತಸ್ತಿನಲ್ಲಿ ಚೆನ್ನಾಗಿ ಓದಿದವರಿಗೆ ಮೂರನೆಯ ವರ್ಷಕ್ಕೆ ಮೇಲೆ ಹತ್ತುವ ಮೆಟ್ಟಿಲು ಇರಲೇಬೇಕು ಎಂಬುದು ಈ ಯೋಜನೆಯ ಆತ್ಮ. ಆ ಮೆಟ್ಟಿಲಿಲ್ಲದಿದ್ದರೆ ಹದಿನೆಂಟು ವರ್ಷದವರನ್ನು ಮೂರು ಪಂಗಡ ಮಾಡಿ ಕೂರಿಸಿದ್ದಷ್ಟೇ ಆಗುತ್ತಿತ್ತು.

ಇವತ್ತು ಆ ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳು, 20 ಲಕ್ಷದ ಆಸುಪಾಸು ವಿದ್ಯಾರ್ಥಿಗಳು. 1984ರವರೆಗೆ ಶುಲ್ಕವೇ ಇರಲಿಲ್ಲ. ಈಗ ರಾಜ್ಯದ ನಿವಾಸಿಗಳಿಗೆ ಒಂದು ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್. ಎರಡು ವರ್ಷದ 60 ಯೂನಿಟ್‌ಗಳಿಗೆ ಲೆಕ್ಕ ಹಾಕಿದರೆ 2,760 ಡಾಲರ್. ಬಡ ವಿದ್ಯಾರ್ಥಿಗಳಿಗೆ ಅದೂ ಮಾಫಿ. ಯುಸಿಯಲ್ಲಿ ಒಂದೇ ವರ್ಷದ ಬೋಧನಾ ಶುಲ್ಕ 14 ಸಾವಿರ ಡಾಲರ್ ದಾಟುತ್ತದೆ, ಹಾಸ್ಟೆಲ್ಲು ಊಟ ಬೇರೆ. ಹಾಗಾಗಿ ಡಿ ಆಂಜಾದಲ್ಲಿರುವ ಹುಡುಗನಿಗೆ ಬೇರೆಲ್ಲೂ ಸೀಟು ಸಿಗಲಿಲ್ಲ ಎಂದೇ ತಿಳಿಯಬೇಕಿಲ್ಲ. ಅವರ ಮನೆಯವರು ಕೂಡಿಸಿ ಕಳೆದು ನೋಡಿರಲೂಬಹುದು.

ತರಗತಿಯಲ್ಲಿ ಯಾರಿದ್ದಾರೆ?

ಕಮ್ಯುನಿಟಿ ಕಾಲೇಜಿನ ಇತಿಹಾಸ ತರಗತಿಯಲ್ಲಿ ಕುಳಿತವರಲ್ಲಿ ಹೆಚ್ಚಿನವರು ಇತಿಹಾಸದ ವಿದ್ಯಾರ್ಥಿಗಳೇ ಅಲ್ಲ. ಸಿಎಸ್‌ಯುನಲ್ಲಿ ಯಾವ ಪದವಿ ಪಡೆಯುವವರೂ ಅಮೆರಿಕದ ಇತಿಹಾಸ, ಸಂವಿಧಾನ ಮತ್ತು ಸರ್ಕಾರದ ವ್ಯವಸ್ಥೆಯನ್ನು ಓದಿರಲೇಬೇಕು. ಅದನ್ನು ಬಹಳ ಮಂದಿ ಕಡಿಮೆ ಖರ್ಚಿನಲ್ಲಿ ಇಲ್ಲೇ ಮುಗಿಸಿಕೊಳ್ಳುತ್ತಾರೆ. ಹೀಗಾಗಿ ನರ್ಸಿಂಗ್ ಕನಸಿನ ಹುಡುಗಿ, ರಾತ್ರಿ ಪಾಳಿ ಮುಗಿಸಿ ಬಂದ ಗೋದಾಮಿನ ಕೆಲಸಗಾರ, ಸೇನೆಯಿಂದ ಬಿಡುಗಡೆಯಾದವನು, ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ತಾಯಿ, ಇನ್ನೂ ಹೈಸ್ಕೂಲಿನಲ್ಲೇ ಇರುವ ಚುರುಕು ಹುಡುಗ ಒಂದೇ ಕೋಣೆಯಲ್ಲಿ ಸಿಗುತ್ತಾರೆ. ಯುದ್ಧದ ಅಧ್ಯಾಯ ಬಂದಾಗ ಯುದ್ಧ ಕಂಡವರು, ವಲಸೆಯ ಅಧ್ಯಾಯ ಬಂದಾಗ ಗಡಿ ದಾಟಿದವರು ಅದೇ ಬೆಂಚಿನಲ್ಲಿರುತ್ತಾರೆ. ಹದಿನೆಂಟು ಹತ್ತೊಂಬತ್ತರ ಹುಡುಗರಷ್ಟೇ ತುಂಬಿರುವ ಕ್ಯಾಂಪಸ್ಸಿಗೆ ಇಂಥ ಭಾಗ್ಯ ಸುಲಭವಾಗಿ ಸಿಗದು.

ಕಲಿಸುವ ಕ್ರಮವೂ ಬೇರೆ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ಇತಿಹಾಸ ಎಂದರೆ ನೂರಾರು ಮಂದಿಯ ಸಭಾಂಗಣ, ಪ್ರಾಧ್ಯಾಪಕರ ಉಪನ್ಯಾಸ, ಪ್ರಬಂಧ ತಿದ್ದುವುದು ಪಿಎಚ್‌ಡಿ ವಿದ್ಯಾರ್ಥಿಗಳು. ಇಲ್ಲಿ ನಲವತ್ತರ ಆಸುಪಾಸಿನ ತರಗತಿ. ಸಾಮಾನ್ಯವಾಗಿ ಇತಿಹಾಸದಲ್ಲಿ ಸ್ನಾತಕೋತ್ತರ ಪದವಿ ಇರುವ ಅಧ್ಯಾಪಕರೇ ಪಾಠ ಹೇಳಿ ತಾವೇ ತಿದ್ದುತ್ತಾರೆ. ಪಠ್ಯಪುಸ್ತಕಕ್ಕೆ ದುಡ್ಡು ಸುರಿಯದಂತೆ ‘ದಿ ಅಮೆರಿಕನ್ ಯಾಪ್’, ಓಪನ್‌ಸ್ಟ್ಯಾಕ್ಸ್‌ನಂಥ ಉಚಿತ ಆನ್‌ಲೈನ್ ಪುಸ್ತಕಗಳನ್ನು ಗೊತ್ತುಮಾಡುವ ಅಧ್ಯಾಪಕರೂ ಇದ್ದಾರೆ.

ಇತಿಹಾಸವನ್ನೇ ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಮಾಡಿಕೊಂಡವರಿಗೆ 2010ರ ಕಾನೂನೊಂದು ನೇರ ದಾರಿ ತೆರೆದಿದೆ. ಅದರ ಪ್ರಕಾರ ರೂಪುಗೊಂಡ ‘ಟ್ರಾನ್ಸ್‌ಫರ್ ಪದವಿ’ಗೆ ಒಟ್ಟು 60 ಯೂನಿಟ್; ಅದರಲ್ಲಿ ಕನಿಷ್ಠ 18 ಮೇಜರ್‌ಗೆ. ಅಮೆರಿಕದ ಇತಿಹಾಸದ ಎರಡು ಕೋರ್ಸು, ಅಂತರ್ಯುದ್ಧದ ಹೊತ್ತಿನವರೆಗೆ ಒಂದು, ಅಲ್ಲಿಂದೀಚೆಗೆ ಇನ್ನೊಂದು. ಜಗತ್ತಿನ ಇತಿಹಾಸದಲ್ಲೋ ಪಾಶ್ಚಾತ್ಯ ನಾಗರಿಕತೆಯಲ್ಲೋ ಎರಡು. ಅಂಚಿಗೆ ತಳ್ಳಿಸಿಕೊಂಡ ಸಮುದಾಯಗಳ ಅಥವಾ ಪಶ್ಚಿಮದಾಚೆಯ ನಾಡುಗಳ ಇತಿಹಾಸದಂಥದ್ದೊಂದು, ಜತೆಗೆ ಆಯ್ಕೆಯದ್ದೊಂದು. ಉಳಿದ ಯೂನಿಟ್‌ಗಳು ಬರವಣಿಗೆ, ಗಣಿತ, ವಿಜ್ಞಾನ, ಕಲೆಗಳ ಸಾಮಾನ್ಯ ಶಿಕ್ಷಣಕ್ಕೆ. ವಿಶ್ವವಿದ್ಯಾಲಯದ ಇತಿಹಾಸ ವಿದ್ಯಾರ್ಥಿ ಮೊದಲೆರಡು ವರ್ಷದಲ್ಲಿ ಓದುವುದೂ ಹೆಚ್ಚು ಕಡಿಮೆ ಇದನ್ನೇ.

ಒಂದು ಹಾಳೆ, ಎರಡು ತಾರೀಖು

ಅಮೆರಿಕದ ಇತಿಹಾಸದ ಎರಡನೆಯ ಕೋರ್ಸಿನಲ್ಲಿ ವಿದ್ಯಾರ್ಥಿಯ ಕೈಗೆ ಸಿಗುವ ದಾಖಲೆಗಳಲ್ಲಿ ಒಂದು, 1942ರ ಫೆಬ್ರವರಿ 19ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಹಿ ಹಾಕಿದ 9066ನೆಯ ಆದೇಶ. ಪಶ್ಚಿಮ ಕರಾವಳಿಯ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆಯಿಂದ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಲು ಕಾರಣವಾದ ಕಾಗದ ಇದೇ. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಅಮೆರಿಕದ ಪ್ರಜೆಗಳು. ಇಷ್ಟು ಗೊತ್ತಿದ್ದುಕೊಂಡು ಹಾಳೆ ಹಿಡಿದ ವಿದ್ಯಾರ್ಥಿ ‘ಜಪಾನಿ’ ಎಂಬ ಮಾತು ಎಲ್ಲಿದೆ ಎಂದು ಹುಡುಕುತ್ತಾನೆ. ಎಲ್ಲೂ ಇಲ್ಲ. ಸೇನಾಧಿಕಾರಿಗಳು ಸೈನಿಕ ಪ್ರದೇಶಗಳನ್ನು ಗುರುತಿಸಬಹುದು, ಅಲ್ಲಿಂದ ಯಾರನ್ನು ಬೇಕಾದರೂ ಹೊರಗಿಡಬಹುದು ಎಂದಷ್ಟೇ ಇದೆ.

ಇಲ್ಲಿಂದ ನಿಜವಾದ ಪಾಠ. ಹೆಸರು ಹೇಳದ ಆದೇಶ ಒಂದೇ ಜನಾಂಗದ ಮೇಲೆ ಬಿದ್ದದ್ದು ಹೇಗೆ? ಅದಕ್ಕೆ ಎರಡನೆಯ ದಾಖಲೆ ಬೇಕು. ಸೇನೆಯ ಪಶ್ಚಿಮ ವಲಯದ ದಂಡನಾಯಕ ಜಾನ್ ಡಿವಿಟ್ ಕಚೇರಿಯಿಂದ ಹೊರಟು ಬೀದಿ ಕಂಬಗಳಿಗೂ ಗೋಡೆಗಳಿಗೂ ಅಂಟಿಸಿದ ಪ್ರಕಟಣೆಗಳಲ್ಲಿ ‘ಜಪಾನಿ ಮೂಲದ ಎಲ್ಲರಿಗೂ’ ಎಂದು ದಪ್ಪಕ್ಷರದಲ್ಲಿದೆ. ತಾವೇ ಹೊತ್ತೊಯ್ಯುವಷ್ಟು ಸಾಮಾನು ಮಾತ್ರ, ಇಂಥ ದಿನದೊಳಗೆ ಇಂಥಲ್ಲಿ ಹಾಜರಿ. ಮೂರನೆಯದು ಡೊರೊಥಿಯಾ ಲ್ಯಾಂಗ್ ತೆಗೆದ ಛಾಯಾಚಿತ್ರಗಳು. ಸ್ಯಾನ್ ಬ್ರೂನೋದ ಟ್ಯಾನ್‌ಫರನ್ ರೇಸ್‌ಕೋರ್ಸಿನಲ್ಲಿ ಕುದುರೆ ಲಾಯಗಳನ್ನೇ ಮನೆ ಮಾಡಿಕೊಂಡ ಸಂಸಾರಗಳು ಅಲ್ಲಿ ಕಾಣುತ್ತವೆ. ಮೂರನ್ನೂ ಪಕ್ಕಪಕ್ಕ ಇಟ್ಟಾಗ ಅಧಿಕಾರ ಯಾವ ಕಾಗದದಲ್ಲಿ ಮೃದುವಾಗಿ ಮಾತಾಡುತ್ತದೆ, ಯಾವುದರಲ್ಲಿ ಗದರುತ್ತದೆ ಎಂಬುದು ಬಿಡಿಸಿಕೊಳ್ಳುತ್ತದೆ. ಇತಿಹಾಸದ ಓದು ಅಂದರೆ ಇದು. ಇಸವಿ ಕಂಠಪಾಠ ಮಾಡಿದವನಿಗೆ ಇದು ದಕ್ಕುವುದಿಲ್ಲ. ಬರ್ಕ್ಲಿಯಲ್ಲಿ ಕೂತರೂ ಕ್ಯುಪರ್ಟಿನೊದಲ್ಲಿ ಕೂತರೂ ಹಾಳೆ ಅದೇ, ಪ್ರಶ್ನೆಯೂ ಅದೇ.

ಕಮ್ಯುನಿಟಿ ಕಾಲೇಜಿಗೆ ಈ ಅಧ್ಯಾಯ ಹೊರಗಿನದ್ದೂ ಅಲ್ಲ. 1942ರ ವಸಂತದಲ್ಲಿ ಓದು ನಿಲ್ಲಿಸಿ ಶಿಬಿರಕ್ಕೆ ಹೋಗಬೇಕಾಗಿ ಬಂದವರಲ್ಲಿ ಕ್ಯಾಲಿಫೋರ್ನಿಯಾದ ಜೂನಿಯರ್ ಕಾಲೇಜುಗಳ ವಿದ್ಯಾರ್ಥಿಗಳೂ ಇದ್ದರು. ರಾಜ್ಯದ ಶಾಸಕ ವಾರೆನ್ ಫುರುಟಾನಿ ಮಂಡಿಸಿದ 2009ರ ಶಾಸನದ ಮೇರೆಗೆ, ಆರೇಳು ದಶಕ ಕಳೆದ ಮೇಲೆ, ಅವರಿಗೆ ಗೌರವ ಪದವಿಗಳು ಸಂದವು. ಎಷ್ಟೋ ಕಡೆ ಅದನ್ನು ಸ್ವೀಕರಿಸಲು ಬಂದದ್ದು ಮಕ್ಕಳು, ಮೊಮ್ಮಕ್ಕಳು. ಡಿ ಆಂಜಾ ವಿದ್ಯಾರ್ಥಿ ಮುಂದೆ ಹತ್ತಿರದ ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿಗೆ ಹೋದರೆ ಅಲ್ಲಿ ಉಚಿದಾ ಹಾಲ್ ಎಂಬ ಕಟ್ಟಡವಿದೆ. 1942ರಲ್ಲಿ ಅಲ್ಲಿನ ಜಿಮ್ನಾಷಿಯಂ ಜಪಾನಿ ಮೂಲದವರನ್ನು ಶಿಬಿರಕ್ಕೆ ಕಳಿಸುವ ಮೊದಲು ನೋಂದಾಯಿಸಿಕೊಂಡ ಕೇಂದ್ರವಾಗಿತ್ತು. ಈಗ ಅದಕ್ಕಿರುವ ಹೆಸರು ಆ ವಿಶ್ವವಿದ್ಯಾಲಯದ ಜೂಡೋ ಗುರು ಯೋಷಿಹಿರೊ ಉಚಿದಾ ಅವರದ್ದು. ಅವರು ಅಮೆರಿಕದ ಸೇನೆಯಲ್ಲಿದ್ದಾಗ ಅವರ ಮನೆಯವರು ಶಿಬಿರದಲ್ಲಿದ್ದರು.

ಭಾರತೀಯ ಮನೆಯ ಮಕ್ಕಳಿಗೆ ಅದೇ ತಾರೀಖು ಇನ್ನೊಂದು ಬಾಗಿಲು ತೆರೆಯುತ್ತದೆ. ರೂಸ್‌ವೆಲ್ಟ್ ಆದೇಶಕ್ಕೆ ಸರಿಯಾಗಿ 19 ವರ್ಷ ಮುಂಚೆ, 1923ರ ಫೆಬ್ರವರಿ 19ರಂದು, ಅಮೆರಿಕದ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು: ಭಾರತೀಯರು ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸಮವಸ್ತ್ರ ತೊಟ್ಟವರು. ಆಗಲೇ ಪೌರತ್ವ ಪಡೆದಿದ್ದವರಲ್ಲೂ ಹಲವರು ಅದನ್ನು ಕಳೆದುಕೊಂಡರು. ಮತ್ತೆ ಬಾಗಿಲು ತೆರೆದದ್ದು 1946ರಲ್ಲಿ. ಎಚ್‌-1ಬಿ, ಗ್ರೀನ್ ಕಾರ್ಡ್ ಎಂದು ದಿನವೂ ಮಾತಾಡುವ ಮನೆಯಲ್ಲಿ ಈ ಕತೆ ಗೊತ್ತಿರುವುದು ಅಪರೂಪ. ಮಗಳು ಕಮ್ಯುನಿಟಿ ಕಾಲೇಜಿನಿಂದ ಅದನ್ನು ಊಟದ ಮೇಜಿಗೆ ತಂದರೆ ಅಪ್ಪನ ವೀಸಾ ಫೈಲಿಗೂ ಒಂದು ಹಿನ್ನೆಲೆ ಸಿಗುತ್ತದೆ.

ಕಾಲೇಜುಗಳು ನಿಂತ ನೆಲವೂ ಪಾಠಕ್ಕೆ ಒದಗುತ್ತದೆ. ಡಿ ಆಂಜಾ ಎಂಬುದು 1775–76ರಲ್ಲಿ ಮೆಕ್ಸಿಕೊ ಕಡೆಯಿಂದ ವಲಸಿಗರನ್ನು ಕ್ಯಾಲಿಫೋರ್ನಿಯಾಕ್ಕೆ ಕರೆತಂದ ಸ್ಪ್ಯಾನಿಷ್ ದಂಡಿನ ನಾಯಕನ ಹೆಸರು. ಕ್ಯಾಂಪಸ್ಸಿನೊಳಗೇ ಉಳಿದಿರುವ ‘ಲ ಪೆತಿ ತ್ರಿಯಾನೊ’ ಎಂಬ ಹಳೆಯ ಮಹಲಿನಲ್ಲಿ ಕ್ಯಾಲಿಫೋರ್ನಿಯಾ ಇತಿಹಾಸ ಕೇಂದ್ರವೂ ಅದರ ದಾಖಲೆ ಸಂಗ್ರಹವೂ ಇವೆ. ಒಂದು ಕಾಲಕ್ಕೆ ಅದು ದ್ರಾಕ್ಷಿತೋಟದ ಒಡೆಯನ ಮನೆ. ಫ್ರೀಮಾಂಟ್‌ನ ಓಲೋನಿ ಕಾಲೇಜು ಆ ನಾಡಿನ ಮೂಲನಿವಾಸಿಗಳ ಹೆಸರು ಹೊತ್ತು, 1797ರಲ್ಲಿ ಅವರನ್ನು ಕ್ರೈಸ್ತರಾಗಿಸಲು, ದುಡಿಸಲು ಕಟ್ಟಿದ ಮಿಷನ್ ಸ್ಯಾನ್ ಹೋಸೆಯ ಹತ್ತಿರವೇ ನಿಂತಿದೆ. ಯಾರ ಹೆಸರನ್ನು ಯಾವ ಕಟ್ಟಡಕ್ಕೆ ಇಟ್ಟರು, ಏಕೆ ಇಟ್ಟರು ಎಂಬ ಒಂದೇ ಪ್ರಶ್ನೆ ಹಿಡಿದು ಇಡೀ ಟರ್ಮಿನ ಪ್ರಬಂಧ ಬರೆಯಬಹುದು.

ಕಾಗದದ ಮೇಲಿನ ಮೆಟ್ಟಿಲು

ಇಷ್ಟೆಲ್ಲ ಓದಿದ್ದು ಮೇಲೆ ಹೋದಾಗ ಲೆಕ್ಕಕ್ಕೆ ಬರುತ್ತದೆಯೇ? ಇದೇ ಪ್ರಶ್ನೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಅಲ್ಲಿನವರು ‘ಆರ್ಟಿಕ್ಯುಲೇಷನ್’ ಎನ್ನುವುದು ಒಂದು ಲಿಖಿತ ಒಪ್ಪಂದಕ್ಕೆ: ಈ ಕಾಲೇಜಿನ ಈ ಕೋರ್ಸು ಆ ವಿಶ್ವವಿದ್ಯಾಲಯದ ಆ ಕೋರ್ಸಿಗೆ ಸಮ ಎಂದು ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡಿರುತ್ತಾರೆ. ಕ್ಯಾಲಿಫೋರ್ನಿಯಾದ ಸಾರ್ವಜನಿಕ ಸಂಸ್ಥೆಗಳ ನಡುವಿನ ಒಪ್ಪಂದಗಳೆಲ್ಲ ‘ಅಸಿಸ್ಟ್’ ಎಂಬ ಒಂದೇ ಜಾಲತಾಣದಲ್ಲಿ ಸಿಗುತ್ತವೆ. ಕಾಲೇಜು, ವಿಶ್ವವಿದ್ಯಾಲಯ, ಮೇಜರ್ ಮೂರನ್ನು ಆರಿಸಿದರೆ ಎಡಗಡೆ ವಿಶ್ವವಿದ್ಯಾಲಯದ ಕೋರ್ಸು, ಬಲಗಡೆ ಕಾಲೇಜಿನ ಕೋರ್ಸು. ನಡುವೆ ಬಸ್ ಬದಲಿಸಿದರೂ ಟಿಕೆಟ್ ಊರು ಮುಟ್ಟುವವರೆಗೆ ನಡೆಯುತ್ತದೆ ಎಂಬ ಭರವಸೆ ಇದು.

ಅದರ ಮೇಲೆ ಇನ್ನೆರಡು ಭರವಸೆಗಳಿವೆ. ಟ್ರಾನ್ಸ್‌ಫರ್ ಪದವಿ ಮುಗಿಸಿದವರಿಗೆ ಸಿಎಸ್‌ಯುನಲ್ಲಿ ಮೂರನೆಯ ವರ್ಷದ ಸೀಟು ಖಚಿತ, ಇನ್ನು 60 ಯೂನಿಟ್‌ಗಳಲ್ಲಿ ಡಿಗ್ರಿ. ಆದರೆ ಸೀಟು ಆ ವ್ಯವಸ್ಥೆಯ ಯಾವುದೋ ಒಂದು ಕ್ಯಾಂಪಸ್ಸಿನಲ್ಲಿ. ಬೇಕೆಂದ ಕ್ಯಾಂಪಸ್ಸೇ ಸಿಕ್ಕೀತು ಎನ್ನುವಂತಿಲ್ಲ. ಯುಸಿಯಲ್ಲಿ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಎಂಬ ಆರು ಕ್ಯಾಂಪಸ್‌ಗಳು ‘ಟ್ಯಾಗ್’ ಎಂಬ ಲಿಖಿತ ಖಾತ್ರಿ ಕೊಡುತ್ತಾ ಬಂದಿವೆ: ಹೇಳಿದ ಕೋರ್ಸು, ಹೇಳಿದ ಅಂಕ ಸರಾಸರಿ ಇದ್ದರೆ ಸೀಟು. ಬರ್ಕ್ಲಿ ಮತ್ತು ಲಾಸ್ ಏಂಜಲೀಸ್ ಆ ಪಟ್ಟಿಯಲ್ಲಿಲ್ಲ. ಅಲ್ಲಿ ಸ್ಪರ್ಧೆಯಲ್ಲೇ ಗೆಲ್ಲಬೇಕು. ಹಾಗೆ ಗೆದ್ದವರೂ ಕಡಿಮೆಯಿಲ್ಲ. ಇಬ್ಬರು ಹೊಸ ವಿದ್ಯಾರ್ಥಿಗಳಿಗೆ ಒಬ್ಬ ಟ್ರಾನ್ಸ್‌ಫರ್ ವಿದ್ಯಾರ್ಥಿಯನ್ನು ತೆಗೆದುಕೊಳ್ಳಬೇಕೆಂಬುದು ಯುಸಿ ಇಟ್ಟುಕೊಂಡ ಗುರಿ.

ಇತಿಹಾಸದ ವಿದ್ಯಾರ್ಥಿಗೆ ಇಲ್ಲೊಂದು ಅನುಕೂಲವೂ ಇದೆ. ಎಂಜಿನಿಯರಿಂಗ್‌ನವರು ಗಣಿತ, ಭೌತಶಾಸ್ತ್ರಗಳ ಉದ್ದದ ಸರಪಳಿಯನ್ನು ಕ್ರಮ ತಪ್ಪದೆ ಮುಗಿಸಬೇಕು. ಒಂದು ಕೊಂಡಿ ತಪ್ಪಿದರೆ ವರ್ಷವೇ ಹೋಯಿತು. ಇತಿಹಾಸಕ್ಕೆ ಪೂರ್ವಸಿದ್ಧತೆಯ ಕೋರ್ಸುಗಳು ಕಡಿಮೆ, ಹಿಂದುಮುಂದಾದರೂ ನಡೆಯುತ್ತದೆ. ಕೆಲಸ ಮಾಡಿಕೊಂಡು ಓದುವವರಿಗೆ ಈ ಸಡಿಲ ದೊಡ್ಡದು.

ಎಲ್ಲಿ ಜಾರುತ್ತಾರೆ

ಇಷ್ಟು ಕಾನೂನು, ಇಷ್ಟು ಒಪ್ಪಂದವಿದ್ದೂ ದಾಟುವವರು ಎಷ್ಟು? ರಾಜ್ಯದ ಲೆಕ್ಕಪರಿಶೋಧಕರು 2024ರಲ್ಲಿ ಕೊಟ್ಟ ವರದಿ ಕಹಿಯಾಗಿದೆ. 2017ರಿಂದ 2019ರ ನಡುವೆ ಟ್ರಾನ್ಸ್‌ಫರ್ ಆಗುವ ಉದ್ದೇಶದಿಂದ ಸೇರಿದವರಲ್ಲಿ ನಾಲ್ಕು ವರ್ಷದೊಳಗೆ ದಾಟಿದ್ದು ಐವರಲ್ಲಿ ಒಬ್ಬರ ಲೆಕ್ಕ. ದಾಟಿದವರ ಕತೆ ಬೇರೆಯೇ: ಯುಸಿಗೆ ಬಂದು ಸೇರಿದ ಟ್ರಾನ್ಸ್‌ಫರ್ ವಿದ್ಯಾರ್ಥಿಗಳಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ನಾಲ್ಕು ವರ್ಷದೊಳಗೆ ಪದವಿ ಮುಗಿಸುತ್ತಾರೆ. ಹಾಗಾದರೆ ದೋಷ ಮೊದಲೆರಡು ವರ್ಷದ ಪಾಠದಲ್ಲಿಲ್ಲ. ಅಲ್ಲಿ ಕಲಿತವರು ಮೇಲೆ ಹೋಗಿ ನಿಲ್ಲುತ್ತಿದ್ದಾರೆ. ಉಳಿದವರು ಮೇಲೆ ಹೋಗುವ ಮೊದಲೇ ಕಳಚಿಕೊಳ್ಳುತ್ತಿದ್ದಾರೆ.

ಕಾರಣಗಳಲ್ಲಿ ಮೊದಲನೆಯದು ದುಡಿಮೆ. ಬೋಧನಾ ಶುಲ್ಕ ಕಡಿಮೆಯಾದರೂ ಸಿಲಿಕಾನ್ ವ್ಯಾಲಿಯ ಮನೆ ಬಾಡಿಗೆ ಕಡಿಮೆಯಾಗುವುದಿಲ್ಲ. ವಾರಕ್ಕೆ ಮೂವತ್ತು ಗಂಟೆ ಕೆಲಸ ಮಾಡುವವರು ಟರ್ಮಿಗೆ ಎರಡೇ ಕೋರ್ಸು ತೆಗೆದುಕೊಂಡರೆ ಎರಡು ವರ್ಷದ ಓದು ನಾಲ್ಕು ವರ್ಷ ಎಳೆಯುತ್ತದೆ. ಆ ನಾಲ್ಕು ವರ್ಷದಲ್ಲಿ ಬದುಕು ಸುಮ್ಮನೆ ಕಾಯುತ್ತಾ ನಿಲ್ಲುವುದಿಲ್ಲ. ಎರಡನೆಯದು ಗೊಂದಲ. ಒಬ್ಬನೇ ಹುಡುಗ ಮೂರು ಕ್ಯಾಂಪಸ್‌ಗಳಿಗೆ ಅರ್ಜಿ ಹಾಕಿದರೆ ಮೂರು ಬಗೆಯ ಷರತ್ತು. ಕೆಲವು ಕಾಲೇಜು ಸೆಮಿಸ್ಟರ್ ಲೆಕ್ಕ, ಡಿ ಆಂಜಾದಂಥವು ಕ್ವಾರ್ಟರ್ ಲೆಕ್ಕ. ಇತಿಹಾಸದ ಕೋರ್ಸುಗಳ ಒಂದೇ ಸರಣಿಯ ಒಂದು ಭಾಗವನ್ನು ಇಲ್ಲಿ, ಇನ್ನೊಂದನ್ನು ಪಕ್ಕದ ಊರಲ್ಲಿ ಓದಿದರೆ ನಡುವಿನ ಶತಮಾನವೇ ಕೈಬಿಟ್ಟೀತು. ಇದನ್ನು ಬಿಡಿಸಿ ಹೇಳಬೇಕಾದ ಕೌನ್ಸೆಲರ್‌ಗಳ ಮುಂದೆ ಉದ್ದದ ಸಾಲು. ದೇಶದ ಮಟ್ಟದಲ್ಲಿ, ಅಮೆರಿಕ ಸರ್ಕಾರದ ಲೆಕ್ಕಪತ್ರ ಸಂಸ್ಥೆ 2017ರಲ್ಲಿ ಅಂದಾಜು ಮಾಡಿದಂತೆ, ಕಾಲೇಜು ಬದಲಿಸಿದ ವಿದ್ಯಾರ್ಥಿಗಳು ಸರಾಸರಿ ಶೇಕಡಾ 43ರಷ್ಟು ಕ್ರೆಡಿಟ್ ಕಳೆದುಕೊಂಡಿದ್ದರು. ಓದಿ, ಪಾಸಾಗಿ, ದುಡ್ಡು ಕಟ್ಟಿದ ಕೋರ್ಸುಗಳವು. ಕೋರ್ಸುಗಳಿಗೆ ರಾಜ್ಯದಲ್ಲೆಲ್ಲ ಒಂದೇ ಸಂಖ್ಯೆ ಕೊಡಬೇಕೆಂಬ 2021ರ ಕಾನೂನನ್ನು ಕ್ಯಾಲಿಫೋರ್ನಿಯಾ ಈಗ ಹಂತಹಂತವಾಗಿ ಜಾರಿಗೆ ತರುತ್ತಿರುವುದು ಇದೇ ಸೋರಿಕೆ ತಡೆಯಲು.

ಮೂರನೆಯ ಕಾರಣ ಕಲಿಸುವವರ ಸ್ಥಿತಿ. ಅರೆಕಾಲಿಕ ಅಧ್ಯಾಪಕರಿಗೆ ಒಂದು ಕಾಲೇಜು ಜಿಲ್ಲೆಯಲ್ಲಿ ಪೂರ್ಣ ಹೊರೆಯ ಶೇಕಡಾ 67ಕ್ಕಿಂತ ಹೆಚ್ಚು ಪಾಠ ಕೊಡಬಾರದೆಂದು ರಾಜ್ಯದ ನಿಯಮ. ಸಂಸಾರ ನಡೆಸಲು ಅವರು ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಐವತ್ತು ಮೈಲಿ ಆಚೆ ಇನ್ನೊಂದು ಎಂದು ಓಡಾಡುತ್ತಾರೆ. ಅವರನ್ನು ‘ಫ್ರೀವೇ ಫ್ಲೈಯರ್’ ಎಂದೇ ಕರೆಯುವುದು. ತರಗತಿಯಲ್ಲಿ ಅವರು ಅದ್ಭುತವಾಗಿ ಪಾಠ ಮಾಡಬಹುದು. ತರಗತಿ ಮುಗಿದ ಮೇಲೆ ಮುಂದೇನು ಓದಲಿ ಎಂದು ಕೇಳಲು ಹೋದರೆ ಕೂತು ಮಾತಾಡಲು ಅವರಿಗೆ ಕೋಣೆಯಿಲ್ಲ, ಹೊತ್ತೂ ಇಲ್ಲ. ಇತಿಹಾಸದಂಥ ವಿಷಯದಲ್ಲಿ ಒಬ್ಬ ವಿದ್ಯಾರ್ಥಿ ಮೇಜರ್ ಹಿಡಿಯುವುದು ಬಹಳ ಸಲ ಇಂಥ ಮಾತುಕತೆಯಿಂದಲೇ.

ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞ, ಮಾಸ್ಟರ್ ಪ್ಲಾನ್ ಬಂದ 1960ರಲ್ಲೇ, ಸ್ಯಾನ್ ಹೋಸೆಯ ಜೂನಿಯರ್ ಕಾಲೇಜನ್ನು ಅಧ್ಯಯನ ಮಾಡಿ ಒಂದು ಕಟುವಾದ ಮಾತು ಬರೆದಿದ್ದರು. ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುವ ಈ ಕಾಲೇಜುಗಳ ಒಂದು ಮರೆಯ ಕೆಲಸ, ದೊಡ್ಡ ಆಸೆ ಹೊತ್ತು ಬಂದವರ ಆಸೆಯನ್ನು ನೋವಾಗದಂತೆ ಮೆಲ್ಲಗೆ ತಣ್ಣಗಾಗಿಸುವುದು ಎಂದು. ನೇರವಾಗಿ ಇಲ್ಲ ಅನ್ನುವವರು ಯಾರೂ ಇಲ್ಲ. ಸಲಹೆ, ಪರೀಕ್ಷೆ, ಇನ್ನೊಂದು ಕೋರ್ಸಿನ ಸೂಚನೆ, ಹೀಗೆ ವಿದ್ಯಾರ್ಥಿಯೇ ಹಿಂದೆ ಸರಿಯುತ್ತಾನೆ. ಮುಂದಿನ ಅರವತ್ತು ವರ್ಷದ ಸುಧಾರಣೆಗಳೆಲ್ಲ ಒಂದು ರೀತಿಯಲ್ಲಿ ಕ್ಲಾರ್ಕ್‌ಗೆ ಕೊಟ್ಟ ಉತ್ತರ. ಇಂಗ್ಲಿಷ್, ಗಣಿತಗಳಲ್ಲಿ ವರ್ಷಗಟ್ಟಲೆ ಪೂರ್ವಪಾಠದಲ್ಲಿ ಸಿಲುಕಿಸದೆ ನೇರವಾಗಿ ಪದವಿ ಮಟ್ಟದ ಕೋರ್ಸಿಗೇ ಬಿಡಬೇಕೆಂಬ 2017ರ ಕಾನೂನು ಅವುಗಳಲ್ಲೊಂದು.

ಮೇಲೆ ಹೋದ ಮೇಲೆ

ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಕಾಲಿಟ್ಟ ಇತಿಹಾಸದ ವಿದ್ಯಾರ್ಥಿಗೆ ಹೊಸ ಸವಾಲು ಕಾಲದ್ದು. ಮೊದಲ ವರ್ಷದಿಂದ ಅಲ್ಲೇ ಇದ್ದವರಿಗೆ ಪ್ರಾಧ್ಯಾಪಕರ ಪರಿಚಯವಿದೆ, ಗ್ರಂಥಾಲಯದ ಒಳದಾರಿ ಗೊತ್ತು. ಬರ್ಕ್ಲಿಯಲ್ಲಿ ಇತಿಹಾಸದವರು 103 ಎಂಬ ಓದಿನ ಸೆಮಿನಾರು, 101 ಎಂಬ ಪ್ರೌಢಪ್ರಬಂಧದ ಸೆಮಿನಾರು ಮಾಡಬೇಕು. ಮೊದಲನೆಯದರಲ್ಲಿ ವಾರಕ್ಕೊಂದು ಪುಸ್ತಕ ಓದಿ ವಾದಿಸಬೇಕು, ಎರಡನೆಯದರಲ್ಲಿ ಮೂಲ ದಾಖಲೆ ಹುಡುಕಿ ಹೊಸದೊಂದು ಹೇಳಬೇಕು. ಟ್ರಾನ್ಸ್‌ಫರ್ ವಿದ್ಯಾರ್ಥಿಗೆ ಅದಕ್ಕೆಲ್ಲ ಇರುವುದು ನಾಲ್ಕೇ ಸೆಮಿಸ್ಟರ್. ಮೊದಲ ಟರ್ಮಿನಲ್ಲಿ ಅಂಕ ತುಸು ಕುಸಿಯುವುದಕ್ಕೆ ಶಿಕ್ಷಣತಜ್ಞರು ‘ಟ್ರಾನ್ಸ್‌ಫರ್ ಶಾಕ್’ ಎಂದು ಹೆಸರಿಟ್ಟು ದಶಕಗಳಾದವು. ಕೆಳಗಿನ ಕಾಲೇಜಿನಲ್ಲೇ ಒಂದಾದರೂ ಉದ್ದದ, ದಾಖಲೆಯನ್ನು ಆಧರಿಸಿದ ಪ್ರಬಂಧ ಬರೆದು ಬಂದವರು ಈ ಹೊಡೆತ ತಾಳಿಕೊಳ್ಳುತ್ತಾರೆ. ಬಹು ಆಯ್ಕೆಯ ಪ್ರಶ್ನೆಗಳಲ್ಲೇ ಪಾಸಾಗಿ ಬಂದವರಿಗೆ ಕಷ್ಟ.

ಆ ಎರಡು ವರ್ಷದ ಇತಿಹಾಸ ಎಲ್ಲಿ ಕೈಗೆ ಬರುತ್ತದೆ ಎಂದು ಮೊದಲೇ ಹೇಳಲಾಗದು. ನಟ ಟಾಮ್ ಹ್ಯಾಂಕ್ಸ್ ಎಪ್ಪತ್ತರ ದಶಕದಲ್ಲಿ ಹೇವರ್ಡ್‌ನ ಚಬೋ ಕಾಲೇಜಿನಲ್ಲಿ ಓದಿ ಸ್ಯಾಕ್ರಮೆಂಟೊ ಸ್ಟೇಟ್‌ಗೆ ಟ್ರಾನ್ಸ್‌ಫರ್ ಆದವರು. 2015ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ ಲೇಖನದಲ್ಲಿ ಅವರು ಚಬೋದ ಜೇಮ್ಸ್ ಕೂವೆಲಿಸ್ ಎಂಬ ಇತಿಹಾಸ ಅಧ್ಯಾಪಕರನ್ನು ನೆನೆದಿದ್ದಾರೆ. ಎಚ್‌ಬಿಒಗಾಗಿ ‘ಜಾನ್ ಆಡಮ್ಸ್’ ಸರಣಿ ನಿರ್ಮಿಸುವಾಗ ಬಳಸಿದ್ದು ಆ ಮೇಷ್ಟ್ರು ಕಲಿಸಿದ ರೂಪರೇಖೆಯ ಕ್ರಮವನ್ನೇ ಎಂದಿದ್ದಾರೆ. ಎಲ್ಲರೂ ಹ್ಯಾಂಕ್ಸ್ ಆಗುವುದಿಲ್ಲ, ಸರಿ. ಇತಿಹಾಸ ಓದಿದವರು ಶಾಲಾ ಶಿಕ್ಷಕರು, ವಕೀಲರು, ಪತ್ರಕರ್ತರು, ಮ್ಯೂಸಿಯಂ ಮತ್ತು ಸರ್ಕಾರಿ ಕಚೇರಿಗಳ ನೌಕರರು ಆಗುತ್ತಾರೆ. ಹಲವು ಕಾಗದ ಓದಿ ಒಂದು ಸ್ಪಷ್ಟ ಟಿಪ್ಪಣಿ ಬರೆಯಬಲ್ಲವರಿಗೆ ಕೆಲಸವಿರುವ ಕಡೆಯೆಲ್ಲ ಅವರಿರುತ್ತಾರೆ.

ನಮ್ಮ ಕಡೆಯಿಂದ ನೋಡಿದರೆ

ಪಿಯುಸಿ ಮುಗಿಸಿ ಕರ್ನಾಟಕದಿಂದ ನೇರವಾಗಿ ಎಫ್‌-1 ವೀಸಾದಲ್ಲಿ ಕಮ್ಯುನಿಟಿ ಕಾಲೇಜಿಗೆ ಹೋಗುವವರೂ ಇದ್ದಾರೆ. ಅವರಿಗೆ 46 ಡಾಲರ್ ಲೆಕ್ಕ ಅನ್ವಯಿಸುವುದಿಲ್ಲ. ಹೊರಗಿನವರ ಶುಲ್ಕ ಅದರ ಹಲವು ಪಟ್ಟು. ಟರ್ಮಿಗೆ ಕನಿಷ್ಠ 12 ಯೂನಿಟ್ ಓದಲೇಬೇಕು, ಸರ್ಕಾರದ ಧನಸಹಾಯ ಸಿಗದು. ಯುಸಿಯ ಟ್ಯಾಗ್ ಖಾತ್ರಿ ಮಾತ್ರ ಅವರಿಗೂ ಉಂಟು. ಅಚ್ಚರಿ ಹುಟ್ಟಿಸುವ ಒಂದು ಅನುಕೂಲವೂ ಇತ್ತು. ಯುಸಿಗೆ ಹೋಗುವವರಿಗಾಗಿ ಇದ್ದ ಸಾಮಾನ್ಯ ಶಿಕ್ಷಣದ ನಿಯಮಗಳಲ್ಲಿ, ಇಂಗ್ಲಿಷ್ ಅಲ್ಲದ ಭಾಷೆಯೇ ಮಾಧ್ಯಮವಾದ ಶಾಲೆಯಲ್ಲಿ ಆರನೆಯ ತರಗತಿ ಅಥವಾ ಅದರ ಮೇಲೆ ಎರಡು ವರ್ಷ ಓದಿದ್ದರೆ ಎರಡನೆಯ ಭಾಷೆಯ ಷರತ್ತು ಪೂರೈಸಿದಂತೆ ಎಣಿಕೆಯಾಗುತ್ತಿತ್ತು. ನಮ್ಮಲ್ಲಿ ಹಿಂದುಳಿದಂತೆ ಕಾಣುವ ಕನ್ನಡ ಮಾಧ್ಯಮದ ಅಂಕಪಟ್ಟಿ ಅಲ್ಲಿ ಒಂದು ಅರ್ಹತೆಯಾಗಿತ್ತು.

ಕರ್ನಾಟಕಕ್ಕೆ ಈ ಕತೆಯಿಂದ ಹತ್ತಿರದ ಪಾಠವೂ ಇದೆ. 2021ರಿಂದ ನಮ್ಮಲ್ಲೂ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಇದೆ. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ ಅವನ ಖಾತೆಯಲ್ಲಿ ಜಮೆಯಾಗುತ್ತದೆ. ರಾಜ್ಯ 2024ರಲ್ಲಿ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷಕ್ಕೆ ಮರಳಿದರೂ ಕಾಲೇಜು, ವಿಶ್ವವಿದ್ಯಾಲಯ ಬದಲಿಸುವ ಸ್ವಾತಂತ್ರ್ಯದ ಚರ್ಚೆ ಮುಗಿದಿಲ್ಲ. ಆದರೆ ಕ್ರೆಡಿಟ್ ಜಮೆಯಾಗುವುದು ಬೇರೆ, ಇನ್ನೊಂದು ವಿಶ್ವವಿದ್ಯಾಲಯ ಅದನ್ನು ಒಪ್ಪುವುದು ಬೇರೆ. ಧಾರವಾಡದಲ್ಲಿ ಓದಿದ ‘ಕರ್ನಾಟಕದ ಇತಿಹಾಸ’ ಮೈಸೂರಿನಲ್ಲಿ ಯಾವ ಪತ್ರಿಕೆಗೆ ಸಮ ಎಂದು ವಿದ್ಯಾರ್ಥಿ ಸೇರುವ ಮೊದಲೇ ಬರೆದು, ಸಹಿ ಹಾಕಿ, ಎಲ್ಲರಿಗೂ ಕಾಣುವಂತೆ ಇಟ್ಟರೆ ಮಾತ್ರ ಆ ಜಮೆಗೆ ಬೆಲೆ. ಕ್ಯಾಲಿಫೋರ್ನಿಯಾ ಇದನ್ನು ಬರೆದಿಟ್ಟೂ ಐವರಲ್ಲಿ ನಾಲ್ವರನ್ನು ದಾರಿಯಲ್ಲಿ ಕಳೆದುಕೊಳ್ಳುತ್ತಿದೆ. ಬರೆದಿಡದೆ ಹೊರಟರೆ ಎಷ್ಟು ಮಂದಿ ಉಳಿದಾರು ಎಂದು ನಮ್ಮ ನೀತಿ ನಿರೂಪಕರು ಈಗಲೇ ಕೇಳಿಕೊಳ್ಳುವುದು ಒಳ್ಳೆಯದು. ಇನ್ನು ಆ ಹಬ್ಬದ ಮನೆಗಳಲ್ಲಿ ಕೇಳಬೇಕಾದ ಪ್ರಶ್ನೆಯೂ ‘ಯಾವ ಕಾಲೇಜು’ ಎಂಬುದಲ್ಲ. ಎಲ್ಲಿಗೆ ಹೋಗುವ ಯೋಚನೆ, ಅಲ್ಲಿಗೆ ಬೇಕಾದ ಕೋರ್ಸುಗಳ ಪಟ್ಟಿ ನೋಡಿಕೊಂಡಿದ್ದಾನೆಯೇ, ಈ ಟರ್ಮಿನಲ್ಲಿ ಒಂದಾದರೂ ಮೂಲ ದಾಖಲೆ ಓದಿ ಬರೆದಿದ್ದಾನೆಯೇ ಎಂದು ಕೇಳಿದರೆ ಹುಡುಗನಿಗೂ ಉಪಕಾರ, ಮಾತಿಗೂ ತೂಕ.